ಬೆನ್ನು ತಿರುಗಿಸಿ ಕೂರುತ್ತಿದ್ದ ನೋಲೀನ್ ಅತ್ತೆ

ನಮ್ಮ ನೋಲೀನ್ ಅತ್ತೆಯ ಬಗ್ಗೆ ಹೇಳಬೇಕೆಂದರೆ ಮೊದಲು ಅವಳ ಬೆನ್ನಿನ ಬಗ್ಗೆ ಹೇಳಬೇಕು. ಕುರಿಯ ಉಣ್ಣೆ ಕತ್ತರಿಸುವ ಶೆಡ್ಡಿನೊಳಗೆ ಐದು ಮೆಷಿನ್ ಒಟ್ಟಿಗೆ ಗುಂಯ್‌ಗುಡುತ್ತಿರುತ್ತವೆ, ಕುರಿಗಳು ಅರಚುತ್ತಿರುತ್ತವೆ, ರೇಡಿಯೋ ಇನ್ನೂ ಜೋರಾಗಿ ಅರಚುತ್ತಿರುತ್ತದೆ, ನಾಯಿಗಳು ಬೊಗಳುತ್ತಿರುತ್ತವೆ. ಇಷ್ಟೆಲ್ಲ ಗಲಾಟೆಯ ನಡುವೆ ಆ ತಂಡದ ಯಜಮಾನಿಯಾದ ಅವಳು ಒಂದು ಉಣ್ಣೆ ಮೂಟೆಯ ಮೇಲೆ ಎಲ್ಲರಿಗೂ ಬೆನ್ನು ತಿರುಗಿಸಿ ಕೂತು, ಆರಾಮವಾಗಿ ಕತ್ತರಿಯ ಅಲಗು ಮಸೆಯುತ್ತಿರುತ್ತಿದ್ದಳು! ಕಾಲೇಜಿನ ರಜೆಯಲ್ಲಿ ಉಣ್ಣೆ ಎತ್ತುವ ಕೆಲಸಕ್ಕೆಂದು ಮೊದಲ ಸಲ ಅವಳ ಜೊತೆ ಹೋದಾಗ, ಇದೆಂಥ ಯಜಮಾನಿಕೆಯಪ್ಪಾ ಎಂದು ನನಗೆ ನಗು ತಡೆಯಲಾಗಿರಲಿಲ್ಲ.

ಏಕೆಂದರೆ ಈ ಕಡೆಯ ಬೇರೆ ಗುತ್ತಿಗೆದಾರರು ಹಾಗಲ್ಲ. ಕತ್ತರಿಯಾಳುಗಳ ಹಿಂದೆಹಿಂದೆಯೇ ಅಡ್ಡಾಡುತ್ತಾರೆ, ಬಗ್ಗಿ ನೋಡುತ್ತಾರೆ, ಅಲ್ಲಿ ಗಾಯವಾಯಿತು ಇಲ್ಲಿ ಉಳಿಯಿತು ಎಂದು ಕಿವಿಯ ಹತ್ತಿರ ಕೂಗುತ್ತಾರೆ. ಹಾಗೆ ಕೂಗುವ ಒಬ್ಬ ಮಹಾಶಯ ಒಮ್ಮೆ ಹೇ ಎಂಬ ಊರಿನ ಹೋಟೆಲಿನಲ್ಲಿ ಅತ್ತೆಯನ್ನು ಕೇಳಿದ್ದ.

"ನೋಡ್ದೇ ಅದ್ಹೆಂಗೆ ಕೆಲಸ ಮಾಡಿಸ್ತೀಯ ನೋಲೀನ್?"

"ಅವ್ರಿಗೆ ಕೈ ಇದೆ, ನಂಗೆ ಕಿವಿ ಇದೆ. ಮಧ್ಯೆ ಕಣ್ಣಿಗೇನಪ್ಪ ಕೆಲಸ?"

ಸುಮ್ಮನೆ ಹೇಳಿದ್ದಲ್ಲ. ಮೆಷಿನ್ನಿನ ಸದ್ದಿನಲ್ಲೇ ಅವಳಿಗೆ ಎಲ್ಲ ಗೊತ್ತಾಗುತ್ತಿತ್ತು. ಯಾರ ಅಲಗು ಮೊಂಡಾಗಿದೆ, ಯಾರಿಗೆ ಸೊಂಟ ಹಿಡಿದಿದೆ, ಯಾರು ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾರೆ, ಎಲ್ಲವೂ. ಮೊಂಡಾಯಿತು ಎಂದು ಅವರು ಬಾಯಿ ತೆರೆಯುವ ಮೊದಲೇ ಹೊಸ ಅಲಗು ಪಕ್ಕದಲ್ಲಿ ಬಂದು ಕೂತಿರುತ್ತಿತ್ತು. ಅವಳ ತಂಡ ಕತ್ತರಿಸಿದ ಕುರಿಗಳನ್ನು ನೋಡಬೇಕಿತ್ತು ನೀವು, ಸ್ನಾನ ಮಾಡಿಸಿ ಮದುವೆಗೆ ಹೊರಡಿಸಿದ ಹಾಗೆ ಬೆಳ್ಳಗೆ, ಮೈಮೇಲೆ ಒಂದು ಗೀರಿಲ್ಲದೆ ಜಿಗಿದುಕೊಂಡು ಹೋಗುತ್ತಿದ್ದವು.

ಬೆನ್ನು ತಿರುಗಿಸಿ ಕೂರುವುದನ್ನು ಅವಳು ಎಲ್ಲಿಂದ ಕಲಿತಳು ಎನ್ನುವುದಕ್ಕೂ ಒಂದು ಕಥೆ ಇದೆ. ಹುಡುಗಿಯಾಗಿದ್ದಾಗ ಅವಳು ಹಾಬ್ಸ್ ಎಂಬ ಗುತ್ತಿಗೆದಾರನ ಕೈಕೆಳಗೆ ಉಣ್ಣೆ ಎತ್ತುತ್ತಿದ್ದಳಂತೆ. ಒಂದು ದಿನ ಅವನಿಗೆ, ಇವಳು ಹೊಟ್ಟೆಯ ಕಡೆಯ ಕೊಳಕು ಉಣ್ಣೆಯನ್ನು ಒಳ್ಳೆಯದರ ಜೊತೆ ಸೇರಿಸಿ ತುಂಬಿದ್ದಾಳೆ ಎಂದು ಅನುಮಾನ ಬಂತು. ಎಲ್ಲರ ಎದುರು ಇಡೀ ಮೂಟೆ ಬಿಚ್ಚಿಸಿದ. ಒಂದು ಎಳೆಯೂ ಸಿಗಲಿಲ್ಲ. "ಸರಿ, ವಾಪಸ್ ತುಂಬು" ಎಂದು ಹೇಳಿ ಟೀ ಕುಡಿಯಲು ಹೋದ, ಅಷ್ಟೇ! ಅಂದಿನಿಂದ ಆ ಶೆಡ್ಡಿನಲ್ಲಿ ತನ್ನ ಕೈಗಳು ತನ್ನ ಮಾತನ್ನೇ ಕೇಳುತ್ತಿರಲಿಲ್ಲ ಎಂದು ಅತ್ತೆ ಹೇಳುತ್ತಿದ್ದಳು. ಆಮೇಲೆ ಆಲ್ಬಿ ಮಾವನನ್ನು ಮದುವೆಯಾದಳು, ಅವನ ತಂಡಕ್ಕೆ ಅಡುಗೆ ಮಾಡಿದಳು. ಅವನು ತೀರಿಕೊಂಡ ಮೇಲೆ ತಂಡವನ್ನು ತಾನೇ ಹೊತ್ತುಕೊಂಡಳು. ಹೊತ್ತುಕೊಂಡ ಮೊದಲ ದಿನವೇ ಮೂಟೆಯ ಮೇಲೆ ತಿರುಗಿ ಕೂತಳು.

ಇನ್ನು ತಂಡದವರು. ಮೊದಲ ಜಾಗದಲ್ಲಿ ತಮಿಹಾನ, ನ್ಯೂಜಿಲೆಂಡಿನ ಮಾವೊರಿ. ಪ್ರತಿ ವರ್ಷ ಸಮುದ್ರ ದಾಟಿ ಬರುತ್ತಿದ್ದ. ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬರದಷ್ಟು ದೊಡ್ಡ ಆಳು, ದನಿ ಮಾತ್ರ ಪಿಸುಮಾತಿನಷ್ಟು. ಕುರಿಯನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಎಲ್ಲರಿಗಿಂತ ವೇಗವಾಗಿ ಕತ್ತರಿಸುತ್ತಿದ್ದ. ಕೊನೆಯ ಜಾಗದಲ್ಲಿ ಮುದುಕ ಮರ್ವ್, ಆಲ್ಬಿ ಮಾವನ ಕಾಲದವನು. ಬಿಸಿಲು ಬಂದರೂ ಬೈಯುತ್ತಿದ್ದ, ಮೋಡ ಬಂದರೂ ಬೈಯುತ್ತಿದ್ದ. ಮಧ್ಯದಲ್ಲಿ ಕಿರ್ರಾ, ಐವರಲ್ಲಿ ಒಬ್ಬಳೇ ಹೆಂಗಸು, ಅವಳ ಕತ್ತರಿಗಿಂತ ನಾಲಿಗೆ ಹರಿತ. ಅವಳ ಎರಡೂ ಪಕ್ಕದಲ್ಲಿ ಇಬ್ಬರು ಅಣ್ಣತಮ್ಮಂದಿರು, ಮಾತಿಲ್ಲ ಕತೆಯಿಲ್ಲ, ಊಟ ಮತ್ತು ಕೆಲಸ. ನನಗೆ ನೋಲೀನ್ ಸೋದರತ್ತೆ, ಆದರೆ ಮರ್ವ್ ಒಬ್ಬನನ್ನು ಬಿಟ್ಟು ಅವರೆಲ್ಲರಿಗೂ ಅವಳು ಅತ್ತೆಯೇ.

ಈಗ ಡಬ್ಬಿಯ ವಿಷಯ. ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಮಳೆ ಬಿದ್ದ ಮರುದಿನ ಕುರಿ ಒದ್ದೆಯೋ ಒಣವೋ ಎಂದು ತೀರ್ಮಾನಿಸುವುದು ಯಜಮಾನನೂ ಅಲ್ಲ, ಕುರಿಯ ಮಾಲೀಕನೂ ಅಲ್ಲ. ಒದ್ದೆ ಕುರಿ ಕತ್ತರಿಸಿದರೆ ಆಳಿನ ಮೈಗೆ ಕುರು ಏಳುತ್ತದೆ, ಕೀಲು ಹಿಡಿಯುತ್ತದೆ, ಒದ್ದೆ ಉಣ್ಣೆ ಮೂಟೆಯಲ್ಲಿ ಕೊಳೆಯುತ್ತದೆ. ಹಾಗಾಗಿ ಕತ್ತರಿಯಾಳುಗಳು ತಲಾ ಎರಡು ಕುರಿ ಕತ್ತರಿಸಿ, ಕೈಯಲ್ಲಿ ಮುಟ್ಟಿ ನೋಡಿ, ಗುಟ್ಟಾಗಿ ಮತ ಹಾಕುತ್ತಾರೆ. ಹೆಚ್ಚು ಜನ ಒದ್ದೆ ಎಂದರೆ ಕೆಲಸ ನಿಲ್ಲುತ್ತದೆ. ಯಾರು ಏನು ಹಾಕಿದರು ಎಂದು ಯಾರೂ ಕೇಳುವ ಹಾಗಿಲ್ಲ, ಯಾರೂ ಹೇಳುವ ಹಾಗಿಲ್ಲ. ಅಜ್ಜಂದಿರ ಕಾಲದಿಂದ ನಡೆದು ಬಂದ ಕಟ್ಟಳೆ ಇದು.

ಬೇರೆ ಶೆಡ್ಡುಗಳಲ್ಲಿ ಚೀಟಿಯಲ್ಲಿ ಬರೆದು ಹಾಕುತ್ತಾರೆ. ನಮ್ಮ ತಂಡದಲ್ಲಿ ಚೀಟಿ ಇಲ್ಲ. ಒಬ್ಬೊಬ್ಬರಿಗೆ ಒಂದು ಮೊಳೆ, ಒಂದು ಬಿಯರ್ ಬಾಟಲಿಯ ಮುಚ್ಚಳ. ಮೊಳೆ ಎಂದರೆ ಒದ್ದೆ, ಮುಚ್ಚಳ ಎಂದರೆ ಒಣ. ಹಾಕಬೇಕಾದ್ದನ್ನು ಟೀ ಕಾಯಿಸುವ ಹಳೆಯ ಪಾತ್ರೆಯೊಳಗೆ, ಟೋಪಿಯ ಮರೆಯಲ್ಲಿ ಹಾಕುವುದು. ಉಳಿದದ್ದನ್ನು ಆಮೇಲೆ ಮುಷ್ಟಿಯಲ್ಲೇ ಮುಚ್ಚಿ ತಗಡಿನ ಡಬ್ಬಿಗೆ ಹಿಂದಿರುಗಿಸುವುದು. ಇದನ್ನು ಶುರು ಮಾಡಿದ್ದು ಆಲ್ಬಿ ಮಾವ, ಮರ್ವ್‌ಗೆ ಬರೆಯಲು ಬರುವುದಿಲ್ಲ ಎಂಬ ಕಾರಣಕ್ಕೆ. ಇದು ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಒಂದು ದಿನವೂ ಆ ಮಾತು ಆಡಿರಲಿಲ್ಲ. ಮತ್ತೂ ಒಂದು ವಿಶೇಷ ಕೇಳಿ, ಬೇರೆ ಕಡೆ ಯಜಮಾನರು ಆ ಹೊತ್ತಿನಲ್ಲಿ ಶೆಡ್ಡಿನ ಹತ್ತಿರ ಸುಳಿಯುವಂತಿಲ್ಲ. ನಮ್ಮಲ್ಲಿ ಮೊಳೆ ಹಂಚುವವಳೂ ಅತ್ತೆ, ಪಾತ್ರೆ ತೆಗೆದು ನೋಡುವವಳೂ ಅತ್ತೆ. ಅವಳ ಮೇಲೆ ಅಷ್ಟು ನಂಬಿಕೆ.

ಆ ನಂಬಿಕೆಯನ್ನೇ ಅವಳು ಗೀರಿದಳು.

ಆ ವರ್ಷ ವಿಲ್ಗಾ ಡೌನ್ಸ್ ಎಂಬ ದೊಡ್ಡ ಫಾರ್ಮಿನಲ್ಲಿ ಕೆಲಸ. ಚಳಿಗಾಲದಲ್ಲಿ ಎಂದೂ ಇಲ್ಲದ ಮಳೆ. ಬಯಲೆಲ್ಲ ಕೆಸರು, ಕುರಿಗಳೆಲ್ಲ ಗಬ್ಬ. ಮರಿ ಹಾಕುವುದರೊಳಗೆ ಕತ್ತರಿಸಿ ಮುಗಿಸಲೇಬೇಕು, ಇಲ್ಲದಿದ್ದರೆ ತಾಯಿಗೂ ಕಷ್ಟ ಮರಿಗೂ ಕಷ್ಟ. ಇತ್ತ ಬೆಳಿಗ್ಗೆ ಬೆಳಿಗ್ಗೆ ಪಾತ್ರೆಯಲ್ಲಿ ಮೊಳೆಗಳೇ ಹೆಚ್ಚು ಬೀಳುತ್ತಿದ್ದವು. ಮಾಲೀಕ ಕ್ರೋಜಿಯರ್ ಒಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲಿಗೇ ಬಂದು ನಿಂತ. ಒಳಗೆ ನಾನು ಕುಂಬಳಕಾಯಿ ಹೆಚ್ಚುತ್ತಿದ್ದೆ, ಎಲ್ಲವೂ ಕೇಳಿಸುತ್ತಿತ್ತು.

"ನೋಲೀನ್, ಮಳೆ ನಿನ್ನ ಜನಗಳ ಮೇಲೆ ಮಾತ್ರ ಬೀಳುತ್ತೇನು? ಪಕ್ಕದ ಫಾರ್ಮಲ್ಲಿ ನಿನ್ನೆ ಇಡೀ ದಿನ ಕೆಲಸ ನಡೀತು."

"ಅವ್ರ ಕುರಿ ಅವ್ರಿಗೆ ಒಣಗಿತ್ತೇನೋ. ನಮ್ಮೋರು ಕೈ ಇಟ್ಟು ನೋಡಿ ಹೇಳಿದ್ದಾರೆ."

"ಕೈ ಇಟ್ಟು ನೋಡಿದ್ರೋ, ಬಾಯಿ ಬಾಯಿ ಮಾತಾಡ್ಕೊಂಡ್ರೋ? ನಿನ್ನ ಆ ತಮಿಹಾನ ಭಾನುವಾರ ಎಲ್ಲಿದ್ದ ಗೊತ್ತಾ? ಬ್ಯಾರಿ ಟ್ವೀಡಲ್ ಮನೇಲಿ. ಹೊಟ್ಟೆ ತುಂಬ ತಿಂದು, ಹಾಡಿ, ಕುಣಿದು ಬಂದಿದ್ದಾನೆ."

ಟ್ವೀಡಲ್ ಎಂದರೆ ಅತ್ತೆಯ ಪ್ರತಿಸ್ಪರ್ಧಿ ಗುತ್ತಿಗೆದಾರ. ಅತ್ತೆ ಕೈ ಒರೆಸಿಕೊಂಡಳು.

"ಇರ್ಲಿ ಬಿಡಿ. ಭಾನುವಾರ ಅವನದು."

"ಭಾನುವಾರ ಅವನದು, ಕುರಿ ನಂದು. ಇಲ್ಲಿ ತಡ ಮಾಡಿಸಿ ಅಲ್ಲಿಗೆ ಹಾರೋ ಯೋಚನೆ ಇದ್ರೆ ನಿಂಗೇ ಗೊತ್ತಾಗೋದು ಕೊನೇಲಿ. ಮರಿ ಹಾಕೋಕೆ ಮುಂಚೆ ಮುಗೀಲಿಲ್ಲ ಅಂದ್ರೆ ಮುಂದಿನ ವರ್ಷ ಈ ಶೆಡ್ ನಿಂದಲ್ಲ, ಈಗ್ಲೇ ಹೇಳಿದೀನಿ."

ಹೇಳಿ ಹೋದ. ಮಾತು ಮಾತ್ರ ಹೋಗಲಿಲ್ಲ. ವಿಲ್ಗಾ ಡೌನ್ಸ್ ಕೈಬಿಟ್ಟರೆ ತಂಡಕ್ಕೆ ಅರ್ಧ ಚಳಿಗಾಲ ಕೆಲಸವೇ ಇಲ್ಲ. ಕೆಲಸ ಇಲ್ಲದ ತಂಡ ಉಳಿಯುವುದೂ ಇಲ್ಲ. ಅಂದಿನಿಂದ ಅತ್ತೆಗೆ ತಮಿಹಾನನ ಒಂದೊಂದು ನಡೆಯೂ ಬೇರೆಯಾಗಿ ಕಾಣತೊಡಗಿತು. ಬೆಳಗಿನ ಚಳಿಯಲ್ಲಿ ಅವನೊಬ್ಬನೇ ಕುರಿದೊಡ್ಡಿಗೆ ಹೋಗಿ ಉಣ್ಣೆಯೊಳಗೆ ಬೆರಳು ತೂರಿಸಿ ನೋಡುತ್ತಿದ್ದ, ಮೊದಲಿನಿಂದಲೂ ಅವನ ಅಭ್ಯಾಸ ಅದು. ಈಗ ಅದು ಸಂಚಿನ ಹಾಗೆ ಕಂಡಿತು. ಅವನು ಕಿರ್ರಾಳ ಕಿವಿಯಲ್ಲಿ ಏನೋ ಹೇಳಿ ನಗಿಸಿದರೆ ಅದೂ ಸಂಚು. ಅನುಮಾನ ಹೊಕ್ಕ ತಲೆಗೆ ಹಗ್ಗವೆಲ್ಲ ಹಾವೇ ಅಲ್ಲವೇ.

ಒಂದು ಬೆಳಿಗ್ಗೆ, ಎಲ್ಲರೂ ಕುರಿಮಾಂಸದ ಚಾಪ್ ತಿನ್ನುತ್ತಿದ್ದಾಗ, ಅತ್ತೆ ಅಲಗು ಮಸೆಯುವ ಚಕ್ರಕ್ಕೆ ಒಂದು ಮೊಳೆ ತಾಗಿಸಿದಳು. ತಲೆಯ ಕೆಳಗೆ ಸಣ್ಣ ಗೀರು. ಆ ಮೊಳೆಯನ್ನು ತಮಿಹಾನನ ಕೈಗೆ ಹಾಕಿದಳು. ಪಾತ್ರೆಯಲ್ಲಿ ಅದು ಕಂಡರೆ ಅವನು ಒದ್ದೆ ಎಂದು ಹಾಕಿದ್ದಾನೆ ಎಂದು ಗೊತ್ತಾಗುತ್ತದೆ. ಗೊತ್ತಾದರೆ ಏನು ಮಾಡುವುದೆಂದು ಅವಳು ಯೋಚಿಸಿರಲಿಲ್ಲ. ಗೊತ್ತಾಗಬೇಕಿತ್ತು, ಅಷ್ಟೇ.

ಟೋಪಿಯ ಮರೆಯಲ್ಲಿ ಐದು ಸಲ ಟಣ್ ಎಂದಿತು. ಅತ್ತೆ ಪಾತ್ರೆ ಕಿಟಕಿಯ ಬೆಳಕಿಗೆ ತಂದಳು. ಮೂರು ಮೊಳೆ, ಎರಡು ಮುಚ್ಚಳ. ಮೊಳೆಗಳನ್ನು ಒಂದೊಂದಾಗಿ ಹೊರಳಿಸಿದಳು. ಒಂದರಲ್ಲೂ ಗೀರಿರಲಿಲ್ಲ.

ತಮಿಹಾನ ಒಣ ಎಂದು ಹಾಕಿದ್ದ.

"ಒದ್ದೆ" ಎಂದು ಅತ್ತೆ ಹೇಳಿದಳು.

ಒಬ್ಬೊಬ್ಬರಾಗಿ ಬಂದು ಉಳಿದದ್ದನ್ನು ಡಬ್ಬಿಗೆ ಹಾಕಿದರು. ತಮಿಹಾನ ಕೊನೆಯಲ್ಲಿ ಬಂದ. ಅವನ ಕೈಯಲ್ಲಿ ಉಳಿದಿದ್ದದ್ದು ಮೊಳೆ. ದಿನವಿಡೀ ಅಲಗಿನ ಮೊನೆಯನ್ನು ಹೆಬ್ಬೆರಳಿನಲ್ಲೇ ಪರೀಕ್ಷೆ ಮಾಡುವವನಿಗೆ ಆ ಗೀರು ತಿಳಿಯದೇ ಇರುತ್ತದೆಯೇ? ಒಮ್ಮೆ ಮೊಳೆ ನೋಡಿದ, ಒಮ್ಮೆ ಮಸೆಯುವ ಚಕ್ರ ನೋಡಿದ.

"ಈ ಮೊಳೆ ಯಾಕೋ ಚುಚ್ಚುತ್ತೆ," ಎಂದ, ಅದೇ ಪಿಸುದನಿಯಲ್ಲಿ. "ಬೇರೆ ಯಾರಿಗೂ ಕೊಡ್ಬೇಡಿ ಬಾಸ್."

ಬಾಸ್! ನನಗೆ ಆಗ ಏನೂ ಗೊತ್ತಿರಲಿಲ್ಲ, ಆದರೂ ಆ ಶಬ್ದ ಕೇಳಿ ತಿರುಗಿ ನೋಡಿದ್ದೆ. ಅತ್ತೆಯ ಮುಖ ಕತ್ತರಿಸಿದ ಉಣ್ಣೆಯಷ್ಟು ಬಿಳುಪಾಗಿತ್ತು.

ಒಂದೆರಡು ದಿನ ಬಿಸಿಲು ಬಂತು, ಕೆಲಸ ಸಾಗಬೇಕಿತ್ತು. ಸಾಗಲಿಲ್ಲ. ಅತ್ತೆಗೆ ಮೂಟೆಯ ಮೇಲೆ ಕೂರಲು ಆಗುತ್ತಿರಲಿಲ್ಲ. ಬೆನ್ನ ಹಿಂದೆ ಅವನು ತನ್ನನ್ನೇ ನೋಡುತ್ತಿದ್ದಾನೆ ಎನ್ನಿಸುತ್ತಿತ್ತಂತೆ. ಎದ್ದು ಅಡ್ಡಾಡಿದಳು. ಅಡ್ಡಾಡುತ್ತಾ ಅಡ್ಡಾಡುತ್ತಾ ಕತ್ತರಿಯಾಳುಗಳ ಹಿಂದೆ ಹೋಗಿ ನಿಂತಳು. ಏನಾದರೂ ಒಳ್ಳೆಯ ಮಾತಾಡಬೇಕು, ಹತ್ತಿರವಾಗಬೇಕು ಎಂಬ ಆಸೆ ಅವಳಿಗೆ, ಪಾಪ. ಅವರಿಗೆ ಮಾತ್ರ ಹಿಂದೆ ನಿಂತ ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಅತ್ತೆ, ಮೂಟೆ ಚುಚ್ಚತ್ತಾ?" ಕಿರ್ರಾ ಕೂಗಿದಳು. "ಇಲ್ಲ ನನ್ನ ಹಿಂಭಾಗ ಅಷ್ಟು ಚೆನ್ನಾಗಿದೆಯಾ?"

ಎಲ್ಲರೂ ನಕ್ಕರು. ತಮಿಹಾನ ನಗಲಿಲ್ಲ.

ಅವನ ಮೆಷಿನ್ನಿನ ಸದ್ದೇ ಬದಲಾಗಿತ್ತು. ಮೊದಲು ಕುತ್ತಿಗೆಯಿಂದ ಬಾಲದ ತನಕ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದವನು ಈಗ ನಿಲ್ಲಿಸಿ ನಿಲ್ಲಿಸಿ ಕತ್ತರಿಸುತ್ತಿದ್ದ. ಬೇಕೆಂದು ಮಾಡಿದ್ದಲ್ಲ ಅದು, ಅಂಥವನಲ್ಲ ಅವನು. ಒಂದೇ ಜಾಗಕ್ಕೆ ಅಲಗು ಎರಡು ಸಲ ಹಾಯ್ದು, ನಾನು ಎತ್ತುವ ಉಣ್ಣೆಯಲ್ಲಿ ತುಂಡುಗಳು ಬೀಳತೊಡಗಿದವು. ಆಮೇಲೆ ತೊಗಲಿನ ಮೇಲೆ ಗೀರು, ಗೀರಿನಲ್ಲಿ ರಕ್ತ. ಅವನು ನಿಧಾನವಾದರೆ ಅವನ ವೇಗ ನೋಡಿಕೊಂಡು ಓಡುವ ಉಳಿದವರೂ ನಿಧಾನ. ಸ್ಮೋಕೊ ಹೊತ್ತಿನಲ್ಲಿ, ಅಂದರೆ ಬೆಳಗಿನ ಟೀ ಬಿಡುವಿನಲ್ಲಿ, ಎಲ್ಲರೂ ಒಂದೇ ಮೇಜಿಗೆ ಕೂತು ಗಲಾಟೆ ಮಾಡುತ್ತಿದ್ದವರು ಈಗ ಕಪ್ ಹಿಡಿದುಕೊಂಡು ಒಬ್ಬೊಬ್ಬರು ಒಂದೊಂದು ಕಡೆ. ಏನಾಗಿದೆ ಎಂದು ತಮಿಹಾನ ಯಾರಿಗೂ ಹೇಳಿರಲಿಲ್ಲ. ಆದರೂ ಏನೋ ಆಗಿದೆ ಎಂದು ಎಲ್ಲರಿಗೂ ತಿಳಿದಿತ್ತು.

ಕ್ರೋಜಿಯರ್ ಒಂದು ಕುರಿಯನ್ನು ಹಿಡಿದು ತಂದು ಅತ್ತೆಯ ಎದುರು ನಿಲ್ಲಿಸಿದ. ಪಕ್ಕೆಯಲ್ಲಿ ಉದ್ದಕ್ಕೆ ಗಾಯ.

"ಇದೇನಿದು?"

"ಮಳೆಗೆ ತೊಗಲು ಮೆತ್ತಗಾಗಿದೆ ಕ್ರೋಜಿಯರ್ ಅವ್ರೇ. ಅಲಗು ಅಂಟ್ಕೊಳ್ಳುತ್ತೆ."

ಸುಳ್ಳು. ಹೇಳಿದ ತಕ್ಷಣ ಅವಳು ತಮಿಹಾನನ ಕಡೆ ನೋಡಿದಳು. ಅವನು ತಲೆ ತಗ್ಗಿಸಿಕೊಂಡು ಮುಂದಿನ ಕುರಿಗೆ ಹೋದ.

ಆ ಸಂಜೆ ಪಾತ್ರೆ ತೊಳೆಯುತ್ತಾ ಅತ್ತೆ ನನಗೆ ಎಲ್ಲ ಹೇಳಿದಳು. ಕೇಳಿ ನಾನು ಸೋಪಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡೆ.

"ಹೇಳ್ಬಿಡು ಅತ್ತೆ. ಸಾರಿ ಅಂತ ಅವನಿಗೊಬ್ಬನಿಗೇ ಹೇಳ್ಬಿಡು."

"ಅವನಿಗೊಬ್ಬನಿಗೆ ಹೇಳಿದ್ರೆ ಮುಗಿಯುತ್ತೇನೇ? ಐದು ಜನ ಕೈ ಹಾಕೋ ಪಾತ್ರೆ ಅದು. ಎಲ್ರಿಗೂ ಹೇಳಿದ್ರೆ ಬೆಳಗಾಗೋದ್ರೊಳಗೆ ಗಂಟುಮೂಟೆ ಕಟ್ತಾರೆ, ಕಟ್ಟಬೇಕಾದ್ದೇ. ಇನ್ನೂ ಮುಗಿದಿಲ್ಲ ಶೆಡ್ಡು. ಮುಗೀಲಿ, ಆಮೇಲೆ ಹೇಳ್ತೀನಿ."

"ಆಮೇಲೆ ಹೇಳೋದು ಬೇರೆ, ಈಗ ಹೇಳೋದು ಬೇರೆ ಅಲ್ವಾ?"

ಅತ್ತೆ ತಿರುಗಿ ನನ್ನನ್ನು ಗುರಾಯಿಸಿದಳು. ನಂತರ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯತೊಡಗಿದಳು.

"ಹಾಬ್ಸ್ ನನ್ನ ಮೂಟೆ ಎಲ್ರ ಎದುರು ಬಿಚ್ಚಿಸಿದ," ಎಂದಳು. "ಅವನಿಗೆ ಅನುಮಾನ ಇದೆ ಅಂತಾದ್ರೂ ನಂಗೆ ಗೊತ್ತಾಯ್ತು. ನಾನು ಕದ್ದು ಮಾಡ್ದೆ. ಅವನಿಗಿಂತ ಕಡೆ ನಾನು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗಿತ್ತು ಅವಳ ಪಾಡು. ಮರ್ವ್ ಬೇಲಿ ಸರಿಮಾಡಲು ಮೊಳೆ ಕೇಳಿದರೆ ಬೆಚ್ಚಿಬೀಳುತ್ತಿದ್ದಳು. ತಮಿಹಾನನ ತಟ್ಟೆಗೆ ಒಂದು ಚಾಪ್ ಜಾಸ್ತಿ ಹಾಕುತ್ತಿದ್ದಳು. ಅವನು ಅದನ್ನು ಮಾತಿಲ್ಲದೆ ಪಕ್ಕದವನ ತಟ್ಟೆಗೆ ಸರಿಸುತ್ತಿದ್ದ. ಆ ಭಾನುವಾರದ ವಿಷಯವೂ ಅಷ್ಟರಲ್ಲಿ ಕಿರ್ರಾಳ ಬಾಯಿಂದ ಸಹಜವಾಗಿ ಹೊರಬಂತು. ಟ್ವೀಡಲ್ಲನ ತಂಡದಲ್ಲಿ ತಮಿಹಾನನ ದೊಡ್ಡಪ್ಪನ ಮಗ ಇದ್ದನಂತೆ, ಅವನ ಮಗುವಿಗೆ ಹೆಸರಿಟ್ಟ ದಿನವಂತೆ ಅದು. ಟ್ವೀಡಲ್ಲನ ಹಿತ್ತಲಲ್ಲೇ ಗುಂಡಿ ತೋಡಿ, ಕಾದ ಕಲ್ಲಿನ ಮೇಲೆ ಹಂದಿಮಾಂಸ, ಗೆಣಸು ಬೇಯಿಸಿದ್ದರಂತೆ. "ನಂಗೂ ಒಂಚೂರು ತಂದ್ಕೊಟ್ಟಿದ್ದ, ಆಹಾ!" ಎಂದು ಕಿರ್ರಾ ಬೆರಳು ನೆಕ್ಕಿ ತೋರಿಸಿದಳು. ಅತ್ತೆ ಎದ್ದು ಹೊರಗೆ ಹೋದಳು.

ಮತ್ತೆ ಮಳೆ ಬಂತು. ಉಳಿದಿದ್ದದ್ದು ಕೊನೆಯ ಹಿಂಡು, ಅದರಲ್ಲಿ ಕೆಲವು ಆಗಲೇ ಮರಿ ಹಾಕುವ ಸೂಚನೆ ತೋರಿಸುತ್ತಿದ್ದವು. ಬೆಳಿಗ್ಗೆ ಮಳೆ ನಿಂತಿತ್ತು. ಕ್ರೋಜಿಯರ್ ತನ್ನ ಗಾಡಿಯಲ್ಲಿ ಗೇಟಿನ ಹತ್ತಿರವೇ ಕಾಯುತ್ತಿದ್ದ. ಇವತ್ತು ಒಣ ಎಂದರೆ ಸಂಜೆಯೊಳಗೆ ಮುಗಿಯುತ್ತದೆ, ಶೆಡ್ ಉಳಿಯುತ್ತದೆ. ಒದ್ದೆ ಎಂದರೆ ಹೋಯಿತು.

ಎಲ್ಲರೂ ಎರಡೆರಡು ಕುರಿ ಕತ್ತರಿಸಿ ಬಂದು ಸುತ್ತ ನಿಂತರು. ಅತ್ತೆ ಡಬ್ಬಿ ತೆರೆದಳು. ಮರ್ವ್ ಕೈ ಚಾಚಿದ. ಅತ್ತೆ ಕೊಡಲಿಲ್ಲ.

"ಏನು, ಮೊಳೆಗೂ ಬರ ಬಂತಾ?" ಮರ್ವ್ ಗೊಣಗಿದ. "ಕೊಡು ಮಾರಾಯ್ತಿ, ಸೊಂಟ ಹಿಡ್ಕೊಂಡಿದೆ."

"ಕೊಡೋಕೆ ಮುಂಚೆ ಒಂದು ಮಾತು ಹೇಳ್ಬೇಕು," ಎಂದಳು ಅತ್ತೆ. ಎಲ್ಲರ ಮುಖ ನೋಡುತ್ತಲೇ ಹೇಳಿದಳು, ಅದೊಂದು ಧೈರ್ಯ ಮೆಚ್ಚಬೇಕು. "ಹಿಂದಿನ ಸಲ ನಾನು ಒಂದು ಮೊಳೆಗೆ ಗೀರು ಹಾಕಿ ತಮಿಹಾನಂಗೆ ಕೊಟ್ಟಿದ್ದೆ. ಅವನೇನು ಹಾಕ್ತಾನೆ ಅಂತ ಕದ್ದು ನೋಡೋಕೆ. ಅವನೇ ನಿಮ್ಮನ್ನೆಲ್ಲ ಎತ್ತಿಕಟ್ಟಿ ಒದ್ದೆ ಅನ್ನಿಸ್ತಿದ್ದಾನೆ, ಟ್ವೀಡಲ್ ಕಡೆ ಹೋಗ್ತಾನೆ ಅಂದ್ಕೊಂಡಿದ್ದೆ. ಅವನು ಅಂಥದ್ದೇನೂ ಮಾಡಿರ್ಲಿಲ್ಲ. ತಪ್ಪು ಮಾಡಿದ್ದು ನಾನು."

ರೇಡಿಯೋ ಯಾರೋ ಆರಿಸಿದರು. ಕಿರ್ರಾ ಬಾಯಿ ತೆರೆದು ಹಾಗೇ ಮುಚ್ಚಿಕೊಂಡಳು.

ಮಾತಾಡಿದವನು ಮರ್ವ್.

"ಆ ಡಬ್ಬಿ ಯಾಕೆ ಬಂತು ಗೊತ್ತಲ್ಲ ನಿಂಗೆ?"

"ಗೊತ್ತು ಮರ್ವ್."

"ಎಲ್ರಿಗೂ ಗೊತ್ತು. ನಂಗೆ ಬರೆಯೋಕೆ ಬರಲ್ಲ." ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು. "ಬೇರೆ ಶೆಡ್ಡಲ್ಲಿ ಪಕ್ಕದವನ ಹತ್ರ ಬರೆಸ್ಕೋಬೇಕಿತ್ತು. ನನ್ನ ಗುಟ್ಟು ಯಾವತ್ತೂ ಗುಟ್ಟಾಗಿರ್ಲಿಲ್ಲ. ಆಲ್ಬಿ ಒಂದಿನ ಈ ಡಬ್ಬಿ ತಂದಿಟ್ಟ, ಯಾಕೆ ಏನು ಅಂತ ಒಂದು ಮಾತಾಡ್ಲಿಲ್ಲ. ಆವತ್ತಿಂದ ನಾನೂ ಎಲ್ರ ಥರ ಗಂಡಸಾದೆ. ಅದಕ್ಕೇ ಕೈ ಹಾಕ್ದೆ ನೀನು."

ಅತ್ತೆಗೆ ಅದೇ ಎಲ್ಲಕ್ಕಿಂತ ಹೆಚ್ಚು ತಾಗಿತು. ತಮಿಹಾನನಿಗೆ ಮಾಡಿದ ಅನ್ಯಾಯ ಗೊತ್ತಿತ್ತು ಅವಳಿಗೆ. ಮರ್ವ್‌ಗೂ ಮಾಡಿದ್ದೇನೆ ಎಂದು ಗೊತ್ತಿರಲಿಲ್ಲ. ಅವಳು ಅಳಲಿಲ್ಲ, ಅಳುವ ಹಕ್ಕು ನನಗಿಲ್ಲ ಎನ್ನುವವಳ ಹಾಗೆ ತುಟಿ ಕಚ್ಚಿ ನಿಂತಳು.

ತಮಿಹಾನ ಗೋಡೆಗೆ ಒರಗಿದ್ದವನು ಮುಂದೆ ಬಂದ.

"ನಂದೂ ಒಂದಿದೆ," ಎಂದ. "ಆವತ್ತು ನಾನು ಒಣ ಅಂತ ಹಾಕಿದ್ನಲ್ಲ, ಕುರಿ ಒದ್ದೆನೇ ಇತ್ತು. ನನ್ನ ಬೆರಳಿಗೆ ಗೊತ್ತಾಗಿತ್ತು. ಕ್ರೋಜಿಯರ್ ನಿಮ್ಮನ್ನ ಬೈಯೋದು ಕೇಳಿಸ್ಕೊಂಡಿದ್ದೆ. ನಿಮಗೋಸ್ಕರ ಸುಳ್ಳು ಹಾಕ್ದೆ. ಇನ್ನೊಬ್ರು ಯಾರಾದ್ರೂ ಹಾಗೇ ಹಾಕಿದ್ರೆ ಎಲ್ರೂ ಒದ್ದೆ ಕುರಿ ಕತ್ತರಿಸ್ಬೇಕಿತ್ತು. ಈ ಮುದುಕನ ಕೀಲು ಏನಾಗ್ತಿತ್ತು?"

"ಮುದುಕ ನಿಮ್ಮಪ್ಪ!" ಎಂದ ಮರ್ವ್. ಆದರೂ ಅವನ ದನಿಯಲ್ಲಿ ಆಗಲೇ ಸ್ವಲ್ಪ ಬಿಸಿ ಇಳಿದಿತ್ತು.

"ನಾನು ಸುಳ್ಳು ಹಾಕಿದ್ದಕ್ಕೆ ನಿಮ್ಮ ಕಣ್ಣಲ್ಲಿ ಒಳ್ಳೇವನಾದೆ," ತಮಿಹಾನ ಅತ್ತೆಗೆ ಹೇಳಿದ. "ನಿಜ ಹಾಕಿದ್ರೆ? ಆ ಗೀರಿದ ಮೊಳೆ ಪಾತ್ರೇಲಿ ಸಿಕ್ಕಿದ್ರೆ? ನನ್ನ ಕಳಿಸಿಬಿಡ್ತಿದ್ರಿ. ನಂಗೆ ಅದೇ ತಲೇಲಿ ಕೊರೀತಾ ಇದೆ. ಕುರಿ ಹಿಡಿದಾಗೆಲ್ಲ."

ಅತ್ತೆ "ಹೌದು" ಎಂದಳು. "ಕಳಿಸ್ತಿದ್ನೇನೋ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಅವಳ ಮೇಲೆ ಅಷ್ಟು ಪ್ರೀತಿ ಉಕ್ಕಿ ಬಂತು ಆ ಕ್ಷಣ, ಅವಳು ಅಷ್ಟು ಸಣ್ಣವಳಾಗಿ ನಿಂತಿದ್ದಾಗ.

ಕೊನೆಗೆ ಕಿರ್ರಾಗೆ ಮಾತು ಬಂತು. "ಅತ್ತೆ, ಡಬ್ಬಿ ಮರ್ವ್ ಕೈಗೆ ಕೊಡು. ನೀನು ಹೊರಗಡೆ ಹೋಗು. ನೀನೂ ಹೋಗೇ," ಎಂದು ನನ್ನನ್ನೂ ಅಟ್ಟಿದಳು.

ನಾವಿಬ್ಬರೂ ಹೊರಗೆ ಬಂದು ನೀರಿನ ಟ್ಯಾಂಕಿನ ಪಕ್ಕ ನಿಂತೆವು. ಗೇಟಿನ ಹತ್ತಿರ ಕ್ರೋಜಿಯರ್ ಹಾರ್ನ್ ಹೊಡೆದ. ಅತ್ತೆ ಆ ಕಡೆ ನೋಡಲಿಲ್ಲ. ಒಣ ಎಂದು ಹೇಳಿಬಿಡಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅತ್ತೆ ಏನು ಬೇಡಿಕೊಳ್ಳುತ್ತಿದ್ದಳೋ.

ಮರ್ವ್ ಬಾಗಿಲಿಗೆ ಬಂದ. "ಒದ್ದೆ. ಐದಕ್ಕೆ ಐದು."

ಕ್ರೋಜಿಯರ್ ಗಾಡಿಯಿಂದ ಇಳಿದು ಕೆಸರಿನಲ್ಲಿ ದಾಪುಗಾಲು ಹಾಕುತ್ತಾ ಬಂದ. ಅತ್ತೆ ಅವನಿಗೆ ಎದುರಾಗಿ ಹೋದಳು.

"ಒದ್ದೆ ಕ್ರೋಜಿಯರ್ ಅವ್ರೇ. ಇವತ್ತು ಆಗಲ್ಲ."

"ಯಾರು ಹಾಕಿದ್ದು? ಅವನೇ ತಾನೆ?"

"ಯಾರು ಹಾಕಿದ್ರೂ ಕುರಿ ಒದ್ದೆ. ಇನ್ನೊಂದು ವಿಷಯ, ಆವತ್ತು ಗಾಯ ಆಗಿದ್ದು ತೊಗಲು ಮೆತ್ತಗಾಗಿದ್ದಕ್ಕಲ್ಲ. ನಾನು ನನ್ನ ಜನದ ಮನಸ್ಸು ಕೆಡಿಸಿದ್ದೆ, ಅದಕ್ಕೆ. ನಿಮಗೆ ಸುಳ್ಳು ಹೇಳಿದ್ದೆ."

"ಹಾಗಿದ್ರೆ ಮುಂದಿನ ವರ್ಷ ಬೇರೆಯವ್ರನ್ನ ನೋಡ್ಕೋತೀನಿ."

"ನೋಡ್ಕೊಳ್ಳಿ."

ಎಷ್ಟು ಸುಲಭವಾಗಿ ಹೇಳಿದಳು ಎನಿಸಿತು. ತಿರುಗಿ ಬರುವಾಗ ಮಾತ್ರ ಅವಳ ಕಾಲು ಕೆಸರಿನಲ್ಲಿ ಹೂತು, ನಾನು ಕೈ ಹಿಡಿದು ಎಳೆಯಬೇಕಾಯಿತು.

ಕೊನೆಯ ಹಿಂಡನ್ನು ಬಿಸಿಲು ಬಂದ ಮೇಲೆ ಕತ್ತರಿಸಿದರು. ಅಷ್ಟರಲ್ಲಿ ಎರಡು ಕುರಿ ಮರಿ ಹಾಕಿದ್ದವು. ಕಿರ್ರಾ ಆ ಮರಿಗಳಿಗೆ ಒಂದಕ್ಕೆ ಒದ್ದೆ, ಇನ್ನೊಂದಕ್ಕೆ ಒಣ ಎಂದು ಹೆಸರಿಟ್ಟಳು. ತಮಿಹಾನನ ಕೈ ಮೊದಲಿನ ಓಟಕ್ಕೆ ಪೂರ್ತಿ ಬರಲಿಲ್ಲ, ಆದರೆ ಗಾಯಗಳು ನಿಂತವು. ಶೆಡ್ ಮುಗಿದ ಸಂಜೆ ಎಂದಿನಂತೆ ಬಿಯರ್, ಬೆಂಕಿ, ಸುಟ್ಟ ಮಾಂಸ. ಅತ್ತೆ ಅವನ ಪಕ್ಕದ ಖಾಲಿ ಪೆಟ್ಟಿಗೆಯ ಮೇಲೆ ಹೋಗಿ ಕೂತಳು.

"ಬಾರ್ಕೂಲ್ ಕಡೆ ಒಂದು ಸಣ್ಣ ಶೆಡ್ ಇದೆ, ಮುಂದಿನ ವಾರ. ಬರ್ತೀಯಾ?"

ಹಿಂದೆಂದೂ ಅವಳು ಅವನನ್ನು ಕೇಳಿದ್ದಿಲ್ಲ. ಗಾಡಿ ಹೊರಟರೆ ಅವನು ಅದರಲ್ಲಿ ಇರುತ್ತಿದ್ದ, ಅಷ್ಟೇ.

ತಮಿಹಾನ ಬೆಂಕಿಗೆ ಇನ್ನೊಂದು ಕೊರಡು ಇಟ್ಟ.

"ಆ ಶೆಡ್ಡಿಗೆ ಬರ್ತೀನಿ."

"ಅದಾದ್ಮೇಲೆ?"

"ಅದಾದ್ಮೇಲಿಂದು ಅದಾದ್ಮೇಲೆ ಕೇಳಿ."

ಅತ್ತೆ ತಲೆಯಾಡಿಸಿದಳು. ಬೇಜಾರು ಮಾಡಿಕೊಳ್ಳಲಿಲ್ಲ, ತಾನು ಕೆಡಿಸಿದ್ದನ್ನು ಇಷ್ಟಾದರೂ ಉಳಿಸಿ ಕೊಟ್ಟನಲ್ಲ ಎಂಬಂತೆ ಎದ್ದು ಅವನ ತಟ್ಟೆಗೆ ಮಾಂಸ ಬಡಿಸಿದಳು. ಈ ಸಲ ಅವನು ಪಕ್ಕಕ್ಕೆ ಸರಿಸಲಿಲ್ಲ.

ಇದೆಲ್ಲ ನಡೆದು ಕೆಲವು ಚಳಿಗಾಲಗಳಾದವು. ವಿಲ್ಗಾ ಡೌನ್ಸಿನಲ್ಲಿ ಈಗ ಬೇರೆ ತಂಡ ಕೆಲಸ ಮಾಡುತ್ತದೆ. ನಮ್ಮ ತಂಡ ಸಣ್ಣ ಸಣ್ಣ ಶೆಡ್ಡುಗಳನ್ನು ಹುಡುಕಿಕೊಂಡು ದೂರ ದೂರ ಹೋಗುತ್ತದೆ, ಅತ್ತೆ ಅದಕ್ಕೆ ಯಾರನ್ನೂ ದೂರುವುದಿಲ್ಲ. ಒಂದು ಶೆಡ್ ಮುಗಿದಾಗಲೆಲ್ಲ ಅವಳು ತಮಿಹಾನನ ಹತ್ತಿರ ಹೋಗಿ ಮುಂದಿನದಕ್ಕೆ ಬರುತ್ತೀಯಾ ಎಂದು ಕೇಳುತ್ತಾಳೆ. ಅವನು ಇದುವರೆಗೆ ಒಮ್ಮೆಯೂ ಇಲ್ಲ ಎಂದಿಲ್ಲ. "ಇನ್ನೇನು ಕೇಳೋದು ಬಿಡು ಅತ್ತೆ, ಬಂದೇ ಬರ್ತಾನೆ," ಎಂದು ನಾನು ಈ ರಜೆಯಲ್ಲಿ ಹೇಳಿ ನೋಡಿದೆ.

"ಬಂದೇ ಬರ್ತಾನೆ ಅಂತ ನೀನು ಹೇಳ್ಬಹುದು," ಎಂದಳು ಅತ್ತೆ ಏಪ್ರನ್ ಬಿಚ್ಚುತ್ತಾ. "ನಾನು ಕೇಳ್ಬೇಕು."

ಕೂದಲು ಸರಿಮಾಡಿಕೊಂಡು, ಸಂದರ್ಶನಕ್ಕೆ ಹೊರಟ ಹುಡುಗಿಯ ಹಾಗೆ ಉಸಿರು ಬಿಗಿಹಿಡಿದು, ಅವನಿದ್ದ ಕಡೆಗೆ ಹೊರಟಳು.